ಕಾಓರಿನ ಕುಪ್ಪಿ

ನಮ್ಮ ಮನೆಯಲ್ಲಿ ಎರಡು ಏಸಿ ಇದ್ದವು. ಒಂದು ನಾವು ಮಲಗುವ ಕೋಣೆಯಲ್ಲಿ, ಇನ್ನೊಂದು ಮಗಳ ಕೋಣೆಯಲ್ಲಿ. ನಮ್ಮದನ್ನು ರಾತ್ರಿ ಹಾಕಿ ಬೆಳಿಗ್ಗೆ ಆರಿಸುತ್ತಿದ್ದೆವು. ಮಗಳ ಕೋಣೆಯದ್ದು ಹಗಲೂ ರಾತ್ರಿ ಓಡುತ್ತಿತ್ತು. ನೋಡಿದವರು ಎಷ್ಟು ಮುದ್ದಿನ ಮಗಳು ಎಂದುಕೊಳ್ಳುತ್ತಿದ್ದರು. ಮುದ್ದು ಮಗಳ ಮೇಲೆ ಅಲ್ಲ. ಅವಳ ಮಂಚದ ಕೆಳಗೆ ಮೈ ಒರೆಸುವ ಹಳೆಯ ಬೈರಾಸಿನಲ್ಲಿ ಸುತ್ತಿ ಅಡ್ಡ ಮಲಗಿಸಿದ್ದ ಒಂದು ಬಾಟ್ಲಿಯ ಮೇಲೆ.

ಆ ಬಾಟ್ಲಿ ನಮ್ಮ ಮನೆಗೆ ಬಂದದ್ದು ಎಂಬತ್ತೈದರಲ್ಲಿ. ನನ್ನ ಗಂಡ ಸಂಕಪ್ಪ ಅಲ್ ಗುಬ್ರಾದಲ್ಲಿ ಸಮುದ್ರದ ನೀರನ್ನು ಸಿಹಿ ಮಾಡುವ ಪ್ಲಾಂಟಿಗೆ ಪಂಪು ಒದಗಿಸುವ ಒಂದು ಕಂಪೆನಿಯಲ್ಲಿ ಸ್ಟೋರ್‌ಕೀಪರ್. ಅವರ ಮೇಲಿನ ಇಂಜಿನಿಯರು ಫ್ರಾನ್ಸಿನ ದೆಲ್ಮಾಸ್ ಸಾಹೇಬರು. ಅವರು ಮಸ್ಕತ್ ಬಿಟ್ಟು ಹೋಗುವ ದಿನ ಇವರನ್ನು ಕರೆದು, ತಮ್ಮ ಅಪ್ಪನ ತೋಟದ ಕೆಂಪು ವೈನಿನ ಒಂದು ಬಾಟ್ಲಿ ಕೈಗಿಟ್ಟರಂತೆ. "ಈಗ ತೆರೆಯಬೇಡ ಸಂಕಪಾ, ಇದು ಕಾಓರಿನದ್ದು. ಹತ್ತು ವರ್ಷ ಬೇಕು ಇದಕ್ಕೆ. ನಾನು ತಿರುಗಿ ಬಂದಾಗ ಇಬ್ಬರೂ ಸೇರಿ ಕುಡಿಯೋಣ" ಎಂದರಂತೆ. ಅಷ್ಟೇ. ಹೊರಡುವ ಗಡಿಬಿಡಿಯಲ್ಲಿ ಹೇಳಿದ ನಾಲ್ಕು ಮಾತು. ನನ್ನ ಗಂಡ ಅದನ್ನು ದೇವರ ಮಾತಿನಂತೆ ತಲೆಗೆ ಕಟ್ಟಿಕೊಂಡು ಮನೆಗೆ ಬಂದರು.

ಇವರು ಬಿಯರೂ ಮುಟ್ಟುವವರಲ್ಲ. ಮಸ್ಕತ್ತಿನಲ್ಲಿ ಪರ್ಮಿಟ್ ಇಲ್ಲದೆ ಮನೆಯಲ್ಲಿ ಬಾಟ್ಲಿ ಇಡುವ ಹಾಗೂ ಇಲ್ಲ. ನಮ್ಮಲ್ಲಿ ಪರ್ಮಿಟ್ ಇರಲಿಲ್ಲ. ಹಾಗಾಗಿ ಮನೆಗೆ ಯಾರೇ ಬಂದರೂ ಇವರು ಒಮ್ಮೆ ಮಗಳ ಕೋಣೆಯ ಬಾಗಿಲು ಎಳೆದುಕೊಂಡು ಬರುತ್ತಿದ್ದರು. ಮಗಳು ದೊಡ್ಡವಳಾದ ಮೇಲೆ, "ಡ್ಯಾಡಿ, ಇಟ್ಸ್ ಜಸ್ಟ್ ಎ ಬಾಟಲ್!" ಎಂದು ಹಂಗಿಸುತ್ತಿದ್ದಳು. ಇವರು ನಗುತ್ತಿರಲಿಲ್ಲ.

ಕಾಓರ್ ಎಂಬ ಊರಿನ ಬಗ್ಗೆ ನನಗೆ ಗೊತ್ತಿರುವಷ್ಟು ನನ್ನ ತವರಿನ ಬಗ್ಗೆ ಗೊತ್ತಿಲ್ಲ. ದೆಲ್ಮಾಸರು ಸ್ಟೋರಿನಲ್ಲಿ ಚಹಾ ಕುಡಿಯುತ್ತ ಹೇಳಿದ್ದನ್ನೆಲ್ಲ ನಾನು ಊಟಕ್ಕೆ ಬಡಿಸುವಾಗ ಇವರು ನನಗೆ ಹೇಳುತ್ತಿದ್ದರು. ಹೇಳಿದ್ದನ್ನೇ ಹೇಳುತ್ತಿದ್ದರು. ಅಲ್ಲಿ ಲಾಟ್ ಎಂಬ ಹೊಳೆ ಉಂಟು. ನೆಟ್ಟಗೆ ಹರಿಯುವುದೇ ಅದಕ್ಕೆ ಗೊತ್ತಿಲ್ಲ, ಊರನ್ನು ಮೂರು ಕಡೆಯಿಂದ ಬಳಸಿ ಹೋಗುತ್ತದೆ. ಹೊಳೆಬದಿಯ ಗರಸು ಮಣ್ಣಿನ ದ್ರಾಕ್ಷಿಯಲ್ಲಿ ಮಾಡಿದ ವೈನು ಸ್ವಲ್ಪ ಮೆದು. ಮೇಲಿನ ಸುಣ್ಣಕಲ್ಲಿನ ಬೋಳುಗುಡ್ಡದ್ದು ಒರಟು. ಕೆಂಪು ಎನ್ನುವುದು ಹೆಸರಿಗೆ, ಬಣ್ಣ ಮಸಿಯಷ್ಟು ಕಪ್ಪು. ಹೊಸದರಲ್ಲಿ ಕುಡಿದರೆ ಹಲ್ಲು ಕರಿಯಾಗುತ್ತದೆ, ಗೇರುಹಣ್ಣು ತಿಂದ ಹಾಗೆ ನಾಲಿಗೆ ಹಿಡಿಯುತ್ತದೆ. ಹೊಳೆ ಸಮುದ್ರದ ಕಡೆ ಹೋಗುವ ದಾರಿಯಲ್ಲಿ ಬೋರ್ಡೋ ಎಂಬ ದೊಡ್ಡ ಊರು. ಹಿಂದಿನ ಕಾಲದಲ್ಲಿ ಬೋರ್ಡೋದವರು ತಮ್ಮ ವೈನು ಮಾರಿ ಮುಗಿಯುವ ತನಕ ಕಾಓರಿನ ಪೀಪಾಯಿಗಳನ್ನು ಮುಂದೆ ಬಿಡುತ್ತಿರಲಿಲ್ಲವಂತೆ. ಐವತ್ತಾರರ ಚಳಿಗೆ ಬಳ್ಳಿಗಳೆಲ್ಲ ಕರಟಿ ಸತ್ತವು. ದೆಲ್ಮಾಸರ ಅಪ್ಪ ಪುನಃ ನೆಟ್ಟರು, ಪುನಃ ಕಾದರು.

"ನೋಡು ಹರಿಣಾಕ್ಷಿ, ಕಾಯುವುದೇ ಆ ಊರಿನ ಗುಣ" ಎಂದು ಕೊನೆಗೆ ಉಪದೇಶ. "ಕಾದವನಿಗೆ ಅದು ಮೆತ್ತಗಾಗ್ತದೆ."

ನನಗೆ ಕಾದು ಕಾದು ಸಾಕಾಗಿತ್ತು. ಫ್ಯಾಮಿಲಿ ವೀಸಾಕ್ಕೆ ಕಾದೆ. ಪ್ರಮೋಶನ್ನಿಗೆ ಕಾದೆ. ಇವರ ಕೈಕೆಳಗೆ ಅಸಿಸ್ಟೆಂಟ್ ಆಗಿ ಸೇರಿದ ರೊನಾಲ್ಡ್ ಒಂದೇ ಸಲ ಮ್ಯಾನೇಜರನ ರೂಮಿಗೆ ನುಗ್ಗಿ ಕಾರ್ ಅಲವೆನ್ಸ್ ಕೇಳಿ ಪಡೆದುಕೊಂಡು ಬಂದ. ಇವರು ಬಸ್ಸಿಗೆ ಕಾಯುತ್ತಿದ್ದರು. ಕೇಳಿ ಎಂದರೆ, "ಕೆಲಸ ನೋಡಿ ಅವರೇ ಕೊಡಬೇಕು, ನಾವು ಬಾಯಿ ಬಿಟ್ಟು ಕೇಳಿದರೆ ಮರ್ಯಾದೆ ಉಳಿಯುವುದಿಲ್ಲ" ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ತೊಂಬತ್ತರ ರಜೆಯಲ್ಲಿ ಊರಿಗೆ ಹೋಗುವಾಗ ಆ ಏಸಿಯನ್ನು ಹಾಗೇ ಓಡಲು ಬಿಟ್ಟು ಹೊರಟಿದ್ದರು. ಅದು ಮಸ್ಕತ್ತಿನ ಜುಲೈ ತಿಂಗಳು. ಕಟ್ಟಡದ ವಾಚ್‌ಮನ್ ರಹ್ಮತ್ ಒಳ್ಳೆಯ ಮನುಷ್ಯ. ಖಾಲಿ ಮನೆಯಲ್ಲಿ ಮಶೀನು ಓಡುವುದನ್ನು ಕೇಳಿ ಬೆಂಕಿ ಹತ್ತೀತೆಂದು ಹೆದರಿ ಮೇನ್ ಸ್ವಿಚ್ಚನ್ನೇ ಆರಿಸಿಬಿಟ್ಟಿದ್ದ. ನಾವು ವಾಪಸು ಬಂದಾಗ ಕಪಾಟಿನಲ್ಲಿದ್ದ ಮೇಣದಬತ್ತಿಗಳು ಕರಗಿ ಒಂದೇ ಮುದ್ದೆಯಾಗಿದ್ದವು. ಇವರು ಮೊದಲು ಓಡಿದ್ದು ಮಂಚದ ಕೆಳಗೆ. ಬಾಟ್ಲಿಯನ್ನು ಬೆಳಕಿಗೆ ಹಿಡಿದು, ಬಿರಡೆ ಒತ್ತಿ ನೋಡಿ, "ಎಂತ ಆಗ್ಲಿಲ್ಲ. ಗಟ್ಟಿ ವೈನು ಇದು, ಕಾಓರಿನದ್ದು" ಎಂದರು. ಒಮ್ಮೆ ತೆರೆದು ನೋಡಿ ಎಂದು ನಾನು ಹೇಳಿದ್ದಕ್ಕೆ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು.

ತೊಂಬತ್ತನಾಲ್ಕು ಬಂತು. ಕಂಪೆನಿ ಸ್ಟೋರಿಗೆ ಒಬ್ಬ ಒಮಾನಿ ಹುಡುಗನನ್ನು ತೆಗೆದುಕೊಂಡಿತು. ಅದು ಸರಿಯೇ, ಅವರ ದೇಶ, ಅವರ ಕೆಲಸ. ಆದರೆ ಇವರ ಕಾಂಟ್ರಾಕ್ಟ್ ಡಿಸೆಂಬರಿಗೆ ಖಲಾಸ್ ಎಂದರು. ಮಗಳು ಒಂಬತ್ತನೇ ಕ್ಲಾಸು. ನಡು ವರ್ಷದಲ್ಲಿ ಅವಳನ್ನು ಎಬ್ಬಿಸಿಕೊಂಡು ಎಲ್ಲಿಗೆ ಹೋಗುವುದು? ಅಷ್ಟರಲ್ಲಿ ಸುದ್ದಿ ಬಂತು, ಅಕ್ಟೋಬರಿನಲ್ಲಿ ದೆಲ್ಮಾಸ್ ಸಾಹೇಬರು ಪ್ಯಾರಿಸ್ ಆಫೀಸಿನಿಂದ ಮಸ್ಕತ್ತಿಗೆ ಬರುತ್ತಾರೆ. ಈಗ ದೊಡ್ಡ ಹುದ್ದೆ. ಅವರ ಒಂದು ಮಾತು ಸಾಕು, ಕಾಂಟ್ರಾಕ್ಟ್ ಉಳಿಯುತ್ತದೆ.

"ಫೋನ್ ಮಾಡಿ ಹೇಳಿ" ಎಂದೆ.

"ಫೋನಲ್ಲಿ ಇದನ್ನೆಲ್ಲ ಕೇಳ್ಲಿಕ್ಕೆ ಉಂಟಾ ಮಾರಾಯ್ತಿ? ಅವರು ಊಟಕ್ಕೆ ಬರ್ತಾರೆ. ಬಾಟ್ಲಿ ಎದುರಿಗೆ ಇಡ್ತೇನೆ. ಇಷ್ಟು ವರ್ಷ ಇವ ಇಟ್ಟುಕೊಂಡ ಅಂತ ಅವರಿಗೆ ಗೊತ್ತಾದರೆ ಸಾಕು. ಮತ್ತೆ ಹೇಳುವ ಅಗತ್ಯವೇ ಇಲ್ಲ."

ಬಾಟ್ಲಿ ಇವರ ಪರವಾಗಿ ಮಾತಾಡುತ್ತದಂತೆ! ನನಗೆ ತಲೆ ಚಚ್ಚಿಕೊಳ್ಳುವ ಹಾಗಾಯಿತು.

ಸೆಪ್ಟೆಂಬರಿನಲ್ಲಿ ನಾವು ಮದೀನತ್ ಸುಲ್ತಾನ್ ಖಾಬೂಸಿನ ಮನೆ ಬಿಟ್ಟು, ಬಾಡಿಗೆ ಕಡಿಮೆಯೆಂದು ಅಲ್ ಗುಬ್ರಾದ ಸಣ್ಣ ಫ್ಲ್ಯಾಟಿಗೆ ಬಂದೆವು. ಸಾಮಾನೆಲ್ಲ ಪಿಕಪ್ಪಿಗೆ ಹೇರಿದ್ದಾಯಿತು. ಬಂದು ಬಿಚ್ಚಿದರೆ ಬಾಟ್ಲಿ ಇಲ್ಲ. ಬೈರಾಸು ಉಂಟು, ಒಳಗೆ ಬಾಟ್ಲಿ ಇಲ್ಲ. ಸೂಟ್‌ಕೇಸಿನಲ್ಲಿ ಇಟ್ಟಿದ್ದೆ ಎಂದರು, ಇರಲಿಲ್ಲ. ಹಾಸಿಗೆ ಸುರುಳಿ ಬಿಚ್ಚಿದೆವು, ಫ್ರಿಜ್ಜಿನ ಹಿಂದೆ ನೋಡಿದೆವು, ಪಿಕಪ್ ಡ್ರೈವರನನ್ನು ಹುಡುಕಿಕೊಂಡು ಇವರು ಟ್ಯಾಕ್ಸಿ ಮಾಡಿ ಸುವೈಕ್‌ವರೆಗೆ ಹೋಗಿ ಬಂದರು. ಅವನಿಗೂ ಗೊತ್ತಿಲ್ಲ. ಪೊಲೀಸಿಗೆ ಹೇಳುವ ಹಾಗೂ ಇಲ್ಲ. ಮೂರು ದಿನ ಇವರು ಸರಿಯಾಗಿ ಉಣ್ಣಲಿಲ್ಲ. ಅನ್ನವನ್ನು ಕಲಸಿ ಕಲಸಿ ತಟ್ಟೆಯಲ್ಲೇ ಬಿಟ್ಟು ಏಳುತ್ತಿದ್ದರು. ಆ ಬಾಟ್ಲಿಯ ಮೇಲೆ ನನಗೆ ಎಷ್ಟು ದ್ವೇಷವಿದ್ದರೂ ಈ ಮುಖ ನೋಡಲಾಗಲಿಲ್ಲ.

ನಮ್ಮ ಕಡೆ ಏನೇ ಕಳೆದುಹೋದರೂ ಮೊದಲು ಬಾಯಿಗೆ ಬರುವುದು ಕೊರಗಜ್ಜ ದೈವದ ಹೆಸರು. ದನ ಕಳೆದರೆ, ಬೆಂಡೋಲೆ ಕಳೆದರೆ, ಸ್ವಾಮಿ ಅಜ್ಜಾ ಎಂದು ಕರೆದು ಹರಕೆ ಹೇಳುತ್ತೇವೆ. ಸಿಕ್ಕಿದ ಮೇಲೆ ನನ್ನ ಅಣ್ಣ ಅಜ್ಜನ ಕಟ್ಟೆಗೆ ಹೋಗಿ ಚಕ್ಕುಲಿ, ವೀಳ್ಯದೆಲೆ, ಒಂದು ಕುಪ್ಪಿ ಶೇಂದಿ ಇಟ್ಟು ಬರುತ್ತಿದ್ದ. ಮಸ್ಕತ್ತಿನಲ್ಲಿ ಶೇಂದಿ ಎಲ್ಲಿಂದ ತರುವುದು? ಸಂಜೆ ಅಡುಗೆಮನೆಯ ಕಿಟಕಿಗೆ ಮುಖ ಮಾಡಿ ಕೈಮುಗಿದು ನಿಂತವಳಿಗೆ ತೋಚಿದ್ದು ಇಷ್ಟೇ: "ಅಜ್ಜಾ, ಆ ಕುಪ್ಪಿ ಸಿಗುವ ಹಾಗೆ ಮಾಡು. ಸಿಕ್ಕಿದರೆ ಅದರಲ್ಲೇ ಮೊದಲ ಪಾಲು ನಿನಗೆ."

ಮರುದಿನ ಅಕ್ಕಿ ಡ್ರಮ್ಮಿಗೆ ಪಾವು ಹಾಕಿದೆ. ಟಣ್ ಎಂದಿತು. ಕುಚ್ಚಲಕ್ಕಿಯ ಒಳಗೆ ಮುಖ ಮುಚ್ಚಿಕೊಂಡು ಮಲಗಿತ್ತು ಮಹಾರಾಯ. ದಾರಿಯಲ್ಲಿ ಚೆಕ್ಕಿಂಗ್ ಇದ್ದರೆ ಎಂದು ಹೆದರಿ ಹೊರಡುವ ಗಳಿಗೆಯಲ್ಲಿ ಇವರೇ ಸೂಟ್‌ಕೇಸಿನಿಂದ ತೆಗೆದು ಅಕ್ಕಿಯಲ್ಲಿ ಹೂತಿದ್ದರು. ಹೆದರಿಕೆಯಲ್ಲಿ ಅದನ್ನೂ ಮರೆತಿದ್ದರು. ಕಂಡೊಡನೆ ಮಗುವನ್ನು ಎತ್ತಿದ ಹಾಗೆ ಎತ್ತಿಕೊಂಡು, ಹೊಸ ಮನೆಯಲ್ಲೂ ಮಗಳ ಮಂಚದ ಕೆಳಗೇ ಮಲಗಿಸಿ ಏಸಿ ಹಾಕಿದರು. ನಾನು ಹರಕೆಯ ಸುದ್ದಿ ಹೇಳಿದೆ. ಎತ್ತಿದ ಸಂತೋಷವೆಲ್ಲ ಅಲ್ಲೇ ಇಳಿಯಿತು.

"ನನ್ನತ್ರ ಒಂದು ಮಾತು ಕೇಳದೆ ಹೇಗೆ ಹರಕೆ ಹೇಳಿದ್ದು ನೀನು? ಅದು ತೆರೆದರೆ ಅದೇ ದಿನ ಕುಡೀಬೇಕು. ದೆಲ್ಮಾಸ್ ಸಾರ್ ಬರ್ಲಿಕ್ಕೆ ಇನ್ನೂ ಮೂರು ವಾರ ಉಂಟು!"

"ಸಿಕ್ಕಿದ್ದು ಅಜ್ಜನಿಂದ."

"ಊರಿಗೆ ಹೋದಾಗ ಎರಡು ಕುಪ್ಪಿ ಶೇಂದಿ ಕೊಡುವ."

"ಹೇಳಿದ್ದು ಹೇಳಿದ್ದೇ. ಶೇಂದಿ ಹೇಳ್ಲಿಲ್ಲ ನಾನು."

ದೈವದ ವಿಷಯದಲ್ಲಿ ಇವರಿಗೂ ಹೆದರಿಕೆ. ಕೊನೆಗೆ ಒಪ್ಪಂದಕ್ಕೆ ಬಂದರು. ದೆಲ್ಮಾಸರು ಬಂದ ದಿನವೇ ಬಾಟ್ಲಿ ತೆರೆಯುವುದು. ಅಡುಗೆಮನೆಯಲ್ಲಿ ಮೊದಲು ಅಜ್ಜನಿಗೆ ಒಂದು ಲೋಟ, ಆಮೇಲೆ ಸಾಹೇಬರಿಗೆ. ಸಾಹೇಬರಿಗೆ ಇದು ಗೊತ್ತಾಗಬಾರದು. ಎಂಜಲು ಕೊಟ್ಟ ಹಾಗೆ ಆಗುತ್ತದೆಂದು ಇವರ ಚಿಂತೆ.

ಬಿರಡೆ ತೆಗೆಯುವ ತಿರುಪು ಬೇಕಿತ್ತು. ಎದುರಿನ ಫ್ಲ್ಯಾಟಿನ ಬೀಟ್ರಿಸ್ ಹತ್ತಿರ ಕೇಳಿದೆ. ಅವಳು ರೊನಾಲ್ಡನ ಹೆಂಡತಿ, ಮಂಗಳೂರಿನ ಬಿಜೈಯವಳು. ಕ್ರಿಸ್ಮಸ್ಸಿಗೆ ಒಣದ್ರಾಕ್ಷಿ, ಸಕ್ಕರೆ, ಗೋಧಿ, ಲವಂಗ ಹಾಕಿ ಭರಣಿಯಲ್ಲಿ ವೈನು ಕಟ್ಟುವುದರಲ್ಲಿ ಅವಳದ್ದು ಎತ್ತಿದ ಕೈ. ತಿರುಪು ಕೊಡುತ್ತ, "ಒಂಬತ್ತು ವರ್ಷ ಇಟ್ಟದ್ದಾ? ನನ್ನದು ಈಸ್ಟರ್‌ವರೆಗೆ ಬಂದರೆ ದೊಡ್ಡದು ಮಾರಾಯ್ತಿ. ಮನೆಯಲ್ಲಿ ಇಷ್ಟು ಬಾಯಿ ಇರುವಾಗ ಯಾರು ಕಾಯ್ತಾರೆ?" ಎಂದಳು. ನಾನೂ ನಕ್ಕೆ. ನಗಬೇಕಾದ ಮಾತಾಗಿರಲಿಲ್ಲ.

ದೆಲ್ಮಾಸರು ಬಂದ ದಿನ ಬೆಳಿಗ್ಗೆಯಿಂದಲೇ ನಾನು ಅಡುಗೆಗೆ ನಿಂತಿದ್ದೆ. ಕೋರಿ ರೊಟ್ಟಿ, ಕೋಳಿ ಸುಕ್ಕ, ಸಾಹೇಬರಿಗೆಂದು ಖಾರ ಕಡಿಮೆ ಮಾಡಿದ ಕೋಳಿಸಾರು. ಚಕ್ಕುಲಿ ಅಜ್ಜನಿಗೆ. ಸಂಜೆಯ ಮಗ್ರಿಬ್ ಬಾಂಗ್ ಆದ ಮೇಲೆ ಅವರ ಕಾರು ಬಂತು. ತಲೆ ಪೂರಾ ನರೆತಿತ್ತು, ಆದರೆ ನಗು ಹಾಗೇ ಇತ್ತು. ಇವರನ್ನು ಅಪ್ಪಿಕೊಂಡು, "ಸಂಕಪಾ!" ಎಂದರು. ಇವರ ಕಣ್ಣಲ್ಲಿ ನೀರು. ಅವರನ್ನು ಕೂರಿಸಿ, ಮಗಳನ್ನು ಮಾತಿಗೆ ಬಿಟ್ಟು ಅಡುಗೆಮನೆಗೆ ಬಂದರು.

ತಿರುಪು ಒಳಗಿಳಿಯಿತು, ಬಿರಡೆ ಮೇಲೆ ಬರಲಿಲ್ಲ. ಅರ್ಧ ಮುರಿದು ಕೈಗೆ ಬಂತು, ಉಳಿದರ್ಧ ಪುಡಿಪುಡಿಯಾಗಿ ಒಳಗೆ ಬಿತ್ತು. ಚಹಾ ಸೋಸುವ ಜರಡಿ ಹಿಡಿದೆ. ಸ್ಟೀಲ್ ಲೋಟಕ್ಕೆ ಅಜ್ಜನ ಪಾಲು ಬಿತ್ತು. ಕಪ್ಪು ಎಂದು ಕೇಳಿದ್ದೆ, ಅದು ಇಟ್ಟಿಗೆ ತೊಳೆದ ನೀರಿನ ಬಣ್ಣಕ್ಕೆ ತಿರುಗಿತ್ತು. ವಾಸನೆ ಮೂಗಿಗೆ ಬಡಿಯಿತು. ನಾಲ್ಕು ದಿನ ಬಿಟ್ಟ ಶೇಂದಿಯ ಹುಳಿ. ನಮ್ಮ ಮನೆಗಳಲ್ಲಿ ಹುಟ್ಟಿದ ಯಾರಿಗೂ ತಪ್ಪದ ವಾಸನೆ ಅದು. ಇವರ ಅಪ್ಪ ಮೂರ್ತೆ ಮಾಡಿ ಶೇಂದಿ ಇಳಿಸಿದವರು, ಇವರಿಗೆ ಗೊತ್ತಿಲ್ಲವೇ?

"ಇದು ಹುಳಿ ಬಂದಿದೆ" ಎಂದೆ.

"ಬಾಯಿ ಮುಚ್ಚು. ಕಾಓರ್ ಅಂದರೆ ಹಾಗೇ, ಒರಟು. ನಿನಗೆಂತ ಗೊತ್ತು?" ಎಂದು ಬಾಟ್ಲಿಯನ್ನು ಎರಡು ಕೈಯಲ್ಲಿ ಹಿಡಿದು ಹೊರಗೆ ನಡೆದೇಬಿಟ್ಟರು.

ನಾನು ಅಜ್ಜನ ಲೋಟವನ್ನು ಕಿಟಕಿಯ ಹತ್ತಿರ ಚಕ್ಕುಲಿ, ವೀಳ್ಯದ ಪಕ್ಕದಲ್ಲಿಟ್ಟೆ. ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೋ ಎಂದು ಬೇಡಿಕೊಂಡು ಹೊರಗೆ ಬಂದೆ.

ದೆಲ್ಮಾಸರು ಬಾಟ್ಲಿಯ ಮೇಲಿನ ಚೀಟಿ ನೋಡಿ, ತಮ್ಮ ಅಪ್ಪನ ಹೆಸರಿನ ಮೇಲೆ ಬೆರಳಾಡಿಸುತ್ತಿದ್ದರು. "ಇಷ್ಟು ವರ್ಷ ಇಟ್ಟೆಯಾ?" ಎಂದು ಕೇಳಿದರು.

"ನೀವೇ ಹತ್ತು ವರ್ಷ ಅಂದಿದ್ದಿರಿ ಸಾರ್" ಎಂದರು ಇವರು. ಆ ಮುಖದ ಬೆಳಕನ್ನು ನಮ್ಮ ಮದುವೆಯ ದಿನವೂ ನಾನು ಕಂಡಿರಲಿಲ್ಲ.

"ನಾನು ಅಂದೆನೇ?" ಸಾಹೇಬರು ಜೋರಾಗಿ ನಕ್ಕರು. "ನಮ್ಮ ಕಡೆಯವರು ಬಾಟ್ಲಿ ಕೊಡುವಾಗ ಎಲ್ಲರಿಗೂ ಹೀಗೇ ಹೇಳುತ್ತಾರೆ. ನಮ್ಮ ಅಪ್ಪ ಮೂರನೇ ಚಳಿಗಾಲದವರೆಗೆ ಉಳಿಸಿದ್ದು ನಾನು ನೋಡಿಲ್ಲ."

ಇವರೂ ನಕ್ಕರು, ಅರ್ಥವಾಗದವರಂತೆ. ಸಾಹೇಬರು ಗ್ಲಾಸೆತ್ತಿ ಒಂದು ಗುಟುಕು ಬಾಯಿಗೆ ತೆಗೆದುಕೊಂಡರು. ಬಾಯಲ್ಲಿ ಹಾಗೇ ಇಟ್ಟುಕೊಂಡು ಕೂತರು. ನಗು ಹೋಯಿತು. ನುಂಗಿದರು. ಇವರು ಮುಂದಕ್ಕೆ ಬಾಗಿ ಅವರ ತುಟಿಯನ್ನೇ ನೋಡುತ್ತಿದ್ದರು. ಸಾಹೇಬರು ನನ್ನ ಕಡೆ ತಿರುಗಿ, ಸ್ವಲ್ಪ ಸಾರು ಸಿಗಬಹುದೇ ಎಂದರು. ಬಟ್ಟಲಿಗೆ ಬಿಸಿ ಕೋಳಿಸಾರು ಹಾಕಿದೆ. ಅದನ್ನು ಅರ್ಧ ಉಂಡು, ಗ್ಲಾಸಿನ ವೈನನ್ನೆಲ್ಲ ಬಟ್ಟಲಿಗೆ ಹೊಯ್ದರು. ಬಟ್ಟಲನ್ನು ಎರಡು ಕೈಯಲ್ಲಿ ಎತ್ತಿ ಗಟಗಟನೆ ಕುಡಿದು ಕೆಳಗಿಟ್ಟರು.

"ಕಾಓರಿನ ರೈತರು ಹೀಗೇ ಕುಡಿಯುವುದು" ಎಂದರು. "ನನ್ನ ಅಜ್ಜ ಸಾಯುವ ತನಕ ದಿನಾ ರಾತ್ರಿ ಸೂಪಿನ ಕೊನೆಗೆ ಹೀಗೆ ಮಾಡುತ್ತಿದ್ದ."

"ನೋಡಿದೆಯಾ?" ಎಂದು ಇವರು ನನ್ನ ಕಡೆ ಹುಬ್ಬು ಹಾರಿಸಿದರು. ಆ ಹುಳಿಯನ್ನು ಬರೀ ಬಾಯಲ್ಲಿ ನುಂಗಲಾಗದೆ ಆ ಮನುಷ್ಯ ನಮ್ಮ ಸಾರಿನಲ್ಲಿ ಮುಳುಗಿಸಿದ್ದು ನನಗೆ ಗೊತ್ತಾಗಿತ್ತು. ದೊಡ್ಡ ಮನಸ್ಸಿನವರು. ಅವರ ಮೇಲೆ ನನಗೆ ಸಿಟ್ಟಿರಲಿಲ್ಲ.

ಊಟ ಮುಗಿಯಿತು. ಬಾಳೆಹಣ್ಣು, ಹಲ್ವ, ಚಹಾ ಎಲ್ಲ ಆಯಿತು. ಇವರು ಹೊಳೆಯ ಬಗ್ಗೆ ಕೇಳಿದರು, ಬಳ್ಳಿಗಳ ಬಗ್ಗೆ ಕೇಳಿದರು, ಸಾಹೇಬರ ಮೊಮ್ಮಕ್ಕಳ ಬಗ್ಗೆ ಕೇಳಿದರು. ಕೇಳಬೇಕಾದ್ದನ್ನು ಮಾತ್ರ ಕೇಳಲಿಲ್ಲ. ನಾನು ಕಣ್ಸನ್ನೆ ಮಾಡಿದೆ, ಮೇಜಿನ ಕೆಳಗೆ ಕಾಲು ಒತ್ತಿದೆ. ಇವರು ಕಾಲು ಎಳೆದುಕೊಂಡರು. ಸಾಹೇಬರು ಎದ್ದು ಕಾರಿನ ಕೀ ತೆಗೆದರು. ಇನ್ನು ತಡೆಯಲಾಗಲಿಲ್ಲ ನನಗೆ.

"ಸಾರ್" ಎಂದೆ ನನ್ನ ಹರಕು ಇಂಗ್ಲಿಷಿನಲ್ಲಿ. "ಡಿಸೆಂಬರ್, ಹಿಸ್ ಜಾಬ್ ಫಿನಿಶ್. ಮಗಳ ಸ್ಕೂಲು ನಡುವಿನಲ್ಲಿ. ಯು ಪ್ಲೀಸ್ ಟೆಲ್ ಒನ್ ವರ್ಡ್."

"ಹರಿಣಾಕ್ಷಿ!" ಎಂದು ಇವರು ಗದರಿದರು. ಮುಖ ಕೆಂಪಾಗಿತ್ತು.

ಸಾಹೇಬರು ನಿಂತಲ್ಲೇ ನಿಂತರು. ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಇವರನ್ನು. ಆಮೇಲೆ ನಿಧಾನವಾಗಿ ಹೇಳಿದರು. ಮಗಳು ಪಕ್ಕದಲ್ಲಿ ನಿಂತು ಒಂದೊಂದೇ ಮಾತನ್ನು ನನಗೆ ತಿಳಿಸಿದಳು. ಹೊಸ ಹುಡುಗನಿಗೆ ಕಲಿಸಲು ಸ್ಟೋರಿನ ಹಳೆಯ ಒಬ್ಬನನ್ನು ಇನ್ನೆರಡು ವರ್ಷ ಉಳಿಸಿಕೊಳ್ಳಲು ಕಂಪೆನಿ ಒಪ್ಪಿತ್ತು. ಯಾರನ್ನು ಎಂದು ಆಗಸ್ಟಿನಲ್ಲಿ ಪ್ಯಾರಿಸ್ಸಿಗೆ, ದೆಲ್ಮಾಸರ ಹತ್ತಿರವೇ ಕೇಳಿದ್ದರು. ಅವರಿಗೆ ಮೊದಲು ನೆನಪಾದದ್ದು ಸಂಕಪ್ಪನೇ. ಆದರೆ ಇಲ್ಲಿಯ ಮ್ಯಾನೇಜರು, ಸಂಕಪ್ಪ ಏನೂ ಕೇಳಿಲ್ಲ, ಬಹುಶಃ ಊರಿಗೆ ಹೋಗುವ ಮನಸ್ಸಿದೆ ಎಂದ. ಅದೇ ವಾರ ರೊನಾಲ್ಡ್ ಪ್ಯಾರಿಸ್ಸಿಗೆ ಫೋನು ಮಾಡಿ, ನನ್ನನ್ನು ಉಳಿಸಿ ಸಾರ್ ಎಂದು ಕೇಳಿದ. ರೊನಾಲ್ಡನ ಹೆಸರು ಹೋಯಿತು. ಈಗ ಸೈನೂ ಆಗಿದೆ.

"ನನಗೆ ಒಂದು ಫೋನು ಮಾಡಬಾರದಿತ್ತೇ ಸಂಕಪಾ?" ಎಂದರು. ಬಯ್ದ ಹಾಗಿರಲಿಲ್ಲ. ನಿಜವಾಗಿ ನೊಂದಿದ್ದರು.

ಇವರು "ಪರವಾಗಿಲ್ಲ ಸಾರ್, ಪರವಾಗಿಲ್ಲ" ಎನ್ನುತ್ತ ಅವರನ್ನು ಕಾರಿನ ತನಕ ಬಿಟ್ಟು ಬಂದರು. ಬಂದವರು ಮೇಜಿನ ಎದುರು ಕೂತು ಖಾಲಿ ಬಟ್ಟಲನ್ನೇ ನೋಡತೊಡಗಿದರು. ಆಗಲೂ ನನ್ನ ಮೇಲೆಯೇ ರೇಗಿದರು.

"ನೀನು ಕೇಳಬಾರದಿತ್ತು. ಎಷ್ಟು ಖುಷಿಯಲ್ಲಿ ಕುಡಿದಿದ್ದರು."

ನನಗೆ ಪಿತ್ತ ನೆತ್ತಿಗೇರಿತು. ಒಳಗೆ ಹೋಗಿ ಕಿಟಕಿಯ ಹತ್ತಿರವಿದ್ದ ಅಜ್ಜನ ಲೋಟ ತಂದು ಇವರ ಎದುರು ಕುಟ್ಟಿ ಇಟ್ಟೆ. "ಪ್ರಸಾದ. ಕುಡೀರಿ."

ಪ್ರಸಾದಕ್ಕೆ ಬೇಡ ಎನ್ನುವ ಹಾಗಿಲ್ಲ. ಇವರು ಲೋಟವನ್ನು ಕಣ್ಣಿಗೊತ್ತಿ ಒಂದು ಗುಟುಕು ಕುಡಿದರು. ಮುಖ ಹಿಂಡಿಹೋಯಿತು. ಬಲವಂತದಿಂದ ಇನ್ನೊಂದು ಗುಟುಕು ಕುಡಿದು ಲೋಟ ಇಟ್ಟರು.

"ಹುಳಿ" ಎಂದರು.

"ಹೌದು."

"ದೆಲ್ಮಾಸ್ ಸಾರ್‌ಗೆ ಗೊತ್ತಾಗಿತ್ತಾ?"

"ಮೊದಲ ಗುಟುಕಿಗೇ ಗೊತ್ತಾಗಿತ್ತು."

ಇವರು ಬಾಟ್ಲಿಯನ್ನು ಹತ್ತಿರಕ್ಕೆಳೆದು ಚೀಟಿಯ ಮೇಲಿನ ಊರಿನ ಹೆಸರನ್ನು ಓದಿದರು, ಮೊದಲ ಸಲ ಓದುವವರಂತೆ. ಆಮೇಲೆ ತಲೆ ಎತ್ತದೆ ಕೇಳಿದರು. "ನಾನು ಒಂದು ಫೋನ್ ಮಾಡ್ಬೇಕಿತ್ತಾ?"

ಅಯ್ಯೋ ಪಾಪ ಎನ್ನಿಸಿತು. ಇಲ್ಲ ಎನ್ನಬಹುದಿತ್ತು. ಆದರೆ ನನ್ನೊಳಗೂ ವರ್ಷಗಟ್ಟಲೆ ಮುಚ್ಚಿಟ್ಟದ್ದು ಹುಳಿಯಾಗಿ ಕೂತಿತ್ತು.

"ಹೌದು, ಮಾಡ್ಬೇಕಿತ್ತು" ಎಂದೆ.

ಇವರು ಎದ್ದರು. ಮಗಳ ಕೋಣೆಗೆ ಹೋಗಿ ಬಗ್ಗಿ ಮಂಚದ ಕೆಳಗಿನ ಬೈರಾಸು ಎಳೆದು ಕೊಡವಿ ಹೆಗಲಿಗೆ ಹಾಕಿಕೊಂಡರು. ಹೊರಗೆ ಬರುವಾಗ ಗೋಡೆಗೆ ಕೈ ಹಾಕಿ ಏಸಿ ಆರಿಸಿದರು. ಮನೆಯೆಲ್ಲ ಒಮ್ಮೆಲೇ ನಿಶ್ಶಬ್ದವಾಯಿತು.

"ಡ್ಯಾಡಿ!" ಒಳಗಿನಿಂದ ಮಗಳು ಕೂಗಿದಳು. ಪುಸ್ತಕ ಹಿಡಿದು ಅದೇ ಮಂಚದ ಮೇಲೆ ಕೂತಿದ್ದಳು ಅವಳು. "ಐ ಆ್ಯಮ್ ಸ್ಟಿಲ್ ಹಿಯರ್!"